ಕೇಳಿದ್ದು ಮಗೂನ, ನಿಮ್ಮನ್ನಲ್ಲ

ನಮ್ಮ ಡಾಕ್ಟರಮ್ಮನ ಬೆರಳು ಟ್ಯಾಬ್‌ಗೆ ಗೊತ್ತಾಗುತ್ತಲೇ ಇರಲಿಲ್ಲ. ಆಪರೇಷನ್‌ಗೆ ಮುಂಚೆ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದು ಅವರ ಬೆರಳ ತುದಿಗಳು ಒಣಗಿ ಬಿರಿದಿದ್ದವು. ಒತ್ತಿದರೆ ಪರದೆ ಅಲ್ಲಾಡದು. ಉಗುರಿನಿಂದ ಕುಟ್ಟಿದರೆ ಬೇರೆಲ್ಲೋ ಹೋಗಿ ನಿಲ್ಲುವುದು. "ಇದರ ಲೆಕ್ಕಕ್ಕೆ ನಾನು ಸತ್ತು ಎಷ್ಟೋ ಕಾಲ ಆಗಿದೆ ಕಣಮ್ಮ" ಎಂದು ಅದನ್ನು ನನ್ನ ಕೈಗೆ ತುರುಕುತ್ತಿದ್ದರು.

ಅವರು ಮೂಳೆ ಡಾಕ್ಟರು. ನಾನು ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಪ್ತಸಮಾಲೋಚಕಿ, ಆಗಷ್ಟೇ ಸೇರಿದವಳು. ಗಾಯವಾಗಿ ಬಂದ ಮಕ್ಕಳ ಮನಸ್ಸಿಗೂ ಪೆಟ್ಟಾಗಿದೆಯೇ ಎಂದು ಪತ್ತೆಹಚ್ಚಲು ಆ ಟ್ಯಾಬ್ ತರಿಸಿದವರು ಅವರೇ. ಮಗು ಹೆಡ್‌ಫೋನ್ ಹಾಕಿಕೊಂಡು ಪ್ರಶ್ನೆ ಕೇಳಿಸಿಕೊಂಡು, ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳಲ್ಲಿ ಒಂದನ್ನು ಒತ್ತಬೇಕು. ಕೊನೆಗೆ ಹಸಿರು ಬಂದರೆ ಚಿಂತೆಯಿಲ್ಲ; ಕೆಂಪು ಬಂದರೆ ನಾನು ಕೂತು ಮಾತಾಡಬೇಕು. "ನಮ್ಮ ಮುಖ ನೋಡ್ಕೊಂಡು ಹೇಳಲಾರದ್ದನ್ನ ಮಕ್ಕಳು ಇದಕ್ಕೆ ಹೇಳ್ತವೆ" ಎಂಬುದು ಅವರ ನಂಬಿಕೆ.

ಆದರೆ ಬಂದ ಟ್ಯಾಬ್ ಆಡಿದ ಕನ್ನಡ ಕೇಳಿ ಅವರ ತಲೆ ಕೆಟ್ಟಿತು. "ಸದರಿ ಘಟನೆಯ ಅನೈಚ್ಛಿಕ ಸ್ಮರಣೆಗಳು ತಮ್ಮನ್ನು ಬಾಧಿಸುತ್ತಿವೆಯೇ?" ಕೇಳಿಸಿಕೊಂಡವನು ಎರಡನೇ ಕ್ಲಾಸಿನವನು. ಗಾಬರಿಯಾಗಿ ನಗುವ ಮುಖ ಒತ್ತಿದ. ಹಸಿರು ಬಂತು.

"ಕೋರ್ಟಿನ ಸಮನ್ಸ್ ಇದ್ದಂಗಿದೆ" ಎಂದು ಡಾಕ್ಟರಮ್ಮ ಅದನ್ನು ತಯಾರಿಸಿದವರಿಗೆ ಫೋನ್ ಮಾಡಿದರು. ಪರಿಶೀಲಿಸುತ್ತೇವೆ ಎಂದರು. ತಿಂಗಳುಗಟ್ಟಲೆ ಪರಿಶೀಲಿಸುತ್ತಲೇ ಇದ್ದರು. ಒಂದು ಸಂಜೆ ಡಾಕ್ಟರಮ್ಮ ರೇಗಿ ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು, ಎಲ್ಲ ಪ್ರಶ್ನೆಗಳನ್ನೂ ಮನೆಮಾತಿನಲ್ಲಿ ತಾವೇ ಹೇಳಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಸಿದರು. ಅವು ಟ್ಯಾಬ್ ಸೇರುವುದಕ್ಕೆ ಮತ್ತಷ್ಟು ಫೋನು, ಮತ್ತಷ್ಟು ಬೈಗುಳ ಬೇಕಾದವು.

ಇದಕ್ಕಿಂತ ದೊಡ್ಡ ತಲೆನೋವು ಅಪ್ಪ ಅಮ್ಮಂದಿರದು. ಮಗು ಪರದೆ ಮುಟ್ಟುವ ಮೊದಲೇ ಉತ್ತರ ಅವರ ಬಾಯಲ್ಲಿ. "ಕೇಳಿದ್ದು ಮಗೂನ, ನಿಮ್ಮನ್ನಲ್ಲ" ಎಂದು ಡಾಕ್ಟರಮ್ಮ ಹೇಳದ ದಿನವೇ ಇರಲಿಲ್ಲ.

ಒಮ್ಮೆ ಬೋಗಾದಿ ಕಡೆಯಿಂದ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಅಮ್ಮನ ಸ್ಕೂಟರಿನಲ್ಲಿ ಸ್ಕೂಲಿಗೆ ಹೋಗುವಾಗ ನಾಯಿ ಅಡ್ಡ ಬಂದು ಇಬ್ಬರೂ ಬಿದ್ದಿದ್ದರು. ಮಗುವಿನ ತೊಡೆಮೂಳೆ ಮುರಿದಿತ್ತು. ಅಮ್ಮನಿಗೆ ಬರೀ ತರಚು ಗಾಯ ಎಂದುಕೊಂಡಿದ್ದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಹುಡುಗಿ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಕಾಲು ನೋಯುತ್ತಿರಬೇಕೆಂದು ಡಾಕ್ಟರಮ್ಮ ನೋವಿನ ಔಷಧಿ ಹೆಚ್ಚಿಸಿದರು. ಏನೂ ಪ್ರಯೋಜನವಾಗಲಿಲ್ಲ. ಟ್ಯಾಬ್ ಮಾತ್ರ ಹಸಿರು ತೋರಿಸಿತ್ತು.

ವಿಚಾರಿಸಿದರೆ, ನಾನು ರಜೆಯಲ್ಲಿದ್ದ ದಿನ ಅಮ್ಮನೇ ಪಕ್ಕದಲ್ಲಿ ಕೂತು ಒತ್ತಿಸಿದ್ದರು. "ಭಯ ಗಿಯ ಏನಿಲ್ಲ ಬುಡಿ ಮೇಡಂ, ನನ್ ಮಗ್ಳು ಗಟ್ಟಿಗಿತ್ತಿ. ಆ ನಗೋದು ಒತ್ತು ಅಂತ ನಾನೇ ಯೋಳ್ದೆ."

ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡರು. "ಹೋಗಿ ತಿಂಡಿ ತಿನ್ನಿ ತಾಯಿ. ಆ ಕಿಟಕಿ ಆಚೆ ಬೆಂಚಿದೆ, ಮಗಳಿಗೆ ಕಾಣೋ ಹಾಗೆ ಕೂತ್ಕೊಳ್ಳಿ."

ನಾನು ಹುಡುಗಿಗೆ ಹೆಡ್‌ಫೋನ್ ಹಾಕಿದೆ. ರೆಕಾರ್ಡ್ ಮಾಡಿದ್ದ ಡಾಕ್ಟರಮ್ಮನ ದನಿ ಸಣ್ಣಗೆ ಹೊರಗೂ ಕೇಳಿತು: "ಪೆಟ್ಟಾಗಿದ್ದು ಬೇಡ ಅಂದ್ರೂ ಮತ್ತೆ ಮತ್ತೆ ಕಣ್ಮುಂದೆ ಬರುತ್ತಾ ಪುಟ್ಟಾ?" ಹುಡುಗಿ ಕಿಟಕಿಯ ಕಡೆ ನೋಡಿ, ಅಳುವ ಮುಖ ಒತ್ತಿದಳು. ಮುಂದಿನದಕ್ಕೂ ಅದೇ. ಕೆಂಪು ಬಂತು.

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. "ಕಣ್ಮುಂದೆ ಏನು ಬರುತ್ತಮ್ಮ?"

"ಅಮ್ಮ ರೋಡಲ್ಲಿ ಮಲ್ಗಿತ್ತು. ಕರೆದ್ರೂ ಏಳ್ಲಿಲ್ಲ." ಆಮೇಲೆ ಮೆಲ್ಲಗೆ, "ರಾತ್ರಿ ಅಮ್ಮ ಮಲ್ಗಿದಾಗ್ಲೂ ಅಂಗೇ ಇರುತ್ತೆ. ಅದಕ್ಕೇ ನೋಡ್ತಾ ಇರ್ತೀನಿ."

ಹೊರಗೆ ಬಂದ ಡಾಕ್ಟರಮ್ಮ ಗೋಡೆಗೆ ಒರಗಿ ನಿಂತರು. "ಔಷಧಿ ಜಾಸ್ತಿ ಮಾಡಿದ್ನಲ್ಲ, ಯಾವ ನೋವಿಗೆ?"

ಅಮ್ಮನನ್ನು ಕೇಳಿದರೆ, "ಒಂಚೂರು ಗ್ಯಾನ ತಪ್ಪಿತ್ತು ಅಷ್ಟೇ ಕಣ್ರೀ. ಮಗೀನ ಕಾಲು ಮುರ್ದಿರೋವಾಗ ನಂದೇನು ಯೋಳ್ಲಿ" ಎಂದರು. ಡಾಕ್ಟರಮ್ಮ ಗದರಿಸಿ, ಅಂದೇ ಆಯಮ್ಮನ ತಲೆಗೆ ಸ್ಕ್ಯಾನ್ ಮಾಡಿಸಿ, ಮಗಳ ಮುಂದೆಯೇ ಹೇಳಿದರು: "ನಿಮ್ಮಮ್ಮಂಗೆ ಒಳಗೆ ಏನೂ ಆಗಿಲ್ಲ. ಮಲಗ್ತಾರೆ, ಬೆಳಿಗ್ಗೆ ಏಳ್ತಾರೆ. ನೀನು ಕಾಯೋದು ಬೇಡ." ಆ ತಾಯಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿದರು. ನಿದ್ದೆ ಒಂದೇ ದಿನಕ್ಕೆ ಬರಲಿಲ್ಲ. ವಾರಗಟ್ಟಲೆ ಅವರಿಬ್ಬರ ಜೊತೆ ಕೂತು ಮಾತಾಡಿದೆ. ನನ್ನ ಕೆಲಸ ಏನೆಂದು ನಾನು ಕಲಿತದ್ದು ಆಗಲೇ.

ಡಾಕ್ಟರಮ್ಮ ತೀರಿಕೊಂಡು ವರ್ಷವಾಗುತ್ತ ಬಂತು. ಕೊನೆಯ ಸಲ ನಜರ್‌ಬಾದಿನ ಅವರ ಮನೆಗೆ ಹೋದಾಗ ಉಸಿರಾಡಲೂ ಕಷ್ಟಪಡುತ್ತಿದ್ದರು. ಹೇಗಿದ್ದೀರಿ ಎಂದರೆ ಆ ಬೋಗಾದಿ ಹುಡುಗಿಯ ಸುದ್ದಿ ಕೇಳಿದರು.

"ಸೈಕಲ್ ಕಲೀತಿದಾಳಂತೆ ಮೇಡಂ."

"ಬಿದ್ಲಾ?"

"ಬಿದ್ಲಂತೆ. ಎದ್ದು ಮತ್ತೆ ಹತ್ತಿದ್ಲಂತೆ."

ನಾನು ಅವರಿಗೊಂದು ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. "ಮೇಡಂ, ನಿಮ್ಮಿಂದ ನಾನು" ಎನ್ನುವಷ್ಟರಲ್ಲಿ ಕೈ ಎತ್ತಿ ತಡೆದರು. "ಹೊರಡಮ್ಮ, ವಾರ್ಡಿಗೆ ಹೊತ್ತಾಗುತ್ತೆ."

ಹೇಳಲು ಬಿಡಲೇ ಇಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.