ಹನ್ನೆರಡು ಬೆಲ್ಟುಗಳ ಹೊಳಪು

ಅಂಕೋಲೆಯ ನನ್ನ ಅಂಗಡಿಯ ಬೋರ್ಡಿನಲ್ಲಿ ಹೀಗೆ ಬರೆದಿದೆ: ಕೈಯಿಂದ ಮಾಡಿದ ಚರ್ಮದ ಚೀಲ, ಬೆಲ್ಟ್, ಚಪ್ಪಲಿ, ಗ್ಯಾರಂಟಿ ಹೊಳಪು. ಗ್ಯಾರಂಟಿ ಎಂಬ ಮಾತು ಸೇರಿಸಿದವನು ನಾನು. ಅದನ್ನು ಬೇರೆ ಬಣ್ಣದಲ್ಲಿ ಬರೆಯಲೇ ಎಂದು ಬೋರ್ಡ್ ಬರೆಯುವವನು ಕೇಳಿದಾಗ, ಕೆಂಪಿನಲ್ಲಿ ಬರಿ ಎಂದವನೂ ನಾನೇ. ಈಗ ಅದನ್ನು ಅಳಿಸಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಅಳಿಸಿದರೆ ಜನ ಯಾಕೆ ಎಂದು ಕೇಳುತ್ತಾರೆ. ಹಾಗಾಗಿ ಅದು ಇದೆ.

ಕೆಲಸ ಕಲಿಸಿದವನು ನನ್ನ ಸೋದರಮಾವ. ಬಸ್ ಸ್ಟ್ಯಾಂಡಿನ ಹತ್ತಿರ ಗೋಣಿ ಹಾಸಿಕೊಂಡು ಚಪ್ಪಲಿ ಹೊಲಿಯುತ್ತಿದ್ದ. ಡಿಗ್ರಿ ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದು, ಎಲ್ಲೂ ಸಲ್ಲದೆ, ಕೊನೆಗೆ ನಾನು ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಕಾಲೇಜಿನ ಗೆಳೆಯರು ಬಸ್ಸಿನಿಂದ ಇಳಿಯುವುದು ಕಂಡರೆ ಸಾಮಾನಿನ ಚೀಲದೊಳಗೆ ತಲೆ ತೂರಿಸಿ ಏನೋ ಹುಡುಕುವವನಂತೆ ನಟಿಸುತ್ತಿದ್ದೆ. ಮಾಮ ಅದನ್ನು ಕಂಡೂ ಕಾಣದವನಂತೆ ಇರುತ್ತಿದ್ದ. ಗೆಳೆಯರು ದಾಟಿ ಹೋದ ಮೇಲೆ, "ಸಿಕ್ತಾ ತಮಾ?" ಎಂದು ಕೇಳುತ್ತಿದ್ದ, ಅಷ್ಟೇ.

ಆಮೇಲೆ ಪೇಟೆಯಲ್ಲಿ ಅಂಗಡಿ ಹಿಡಿದೆವು. ಮಾಮ ಹೊಲಿಗೆ, ನಾನು ಕತ್ತರಿಸುವುದು ಮತ್ತು ಮಾತು. ನಾಲ್ಕು ವರ್ಷದ ಹಿಂದೆ ಅವನ ಕಣ್ಣು ಮಂಜಾಗತೊಡಗಿತು. ಕಾರವಾರದ ಡಾಕ್ಟರು ಆಪರೇಷನ್ ಮಾಡಿದರು, ಆದರೆ ಒಳಗಿನ ನರವೇ ಸೋತಿದೆ, ಇದಕ್ಕಿಂತ ಹೆಚ್ಚು ಆಗದು ಎಂದರು. ಸೂಜಿ ತೂತು ತಪ್ಪತೊಡಗಿತು. ಒಂದು ದಿನ ತಾನಾಗಿಯೇ ಸೂಜಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಇದು ನಿಂಗೆ. ಪಾಲಿಶ್ ಮಾತ್ರ ನಂಗಿರ್ಲಿ" ಎಂದ. ಬಣ್ಣ ಹಿಡಿಸಿ ಹೊಳಪು ಕೂರಿಸುವ ಕೆಲಸಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ, ಹೆಬ್ಬೆರಳು ಸಾಕಿತ್ತು. ಆ ಒಂದು ಕೆಲಸಕ್ಕಾಗಿ ಅವನು ಶೆಟಗೇರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದ.

ಅವನ ಕೆಲಸ ಕಂಡವರಿಗೆ ತಲೆ ಚಿಟ್ಟು ಹಿಡಿಯಬೇಕು, ಅಷ್ಟು ನಿಧಾನ. ಚರ್ಮಕ್ಕೆ ಬಣ್ಣ ಹಚ್ಚಿ ಒಂದು ದಿನ ಬಿಡುವುದು. ಮಾರನೇ ದಿನ ಹಳೇ ಪಂಚೆಯ ತುಂಡಿನಿಂದ ತಿಕ್ಕಿ, ಹೀರದೆ ಮೇಲೆ ನಿಂತ ಬಣ್ಣವನ್ನೆಲ್ಲ ತೆಗೆಯುವುದು. ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ತಿಕ್ಕಬೇಕು. ಆಮೇಲೆ ಬಾಟಲಿಯ ಹೊಳಪನ್ನು ಒದ್ದೆ ಸ್ಪಂಜಿನಲ್ಲಿ ತೆಳ್ಳಗೆ, ಸವರಿದೆವೋ ಇಲ್ಲವೋ ಎಂಬಂತೆ ಸವರುವುದು. ಒಣಗಲು ಬಿಟ್ಟು ಎರಡನೇ ಸಲ, ಮೂರನೇ ಸಲ. ಹಿಂಬದಿಗೂ ಅಷ್ಟೇ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ, ಇನ್ನು ಹೊಳಪು ಒಣಗುವುದೆಲ್ಲಿ? ಅದಕ್ಕೆ ಹಿಂದಿನ ಕೋಣೆಯಲ್ಲಿ ಹಳೇ ಕಾಲದ ದೊಡ್ಡ ಬಲ್ಬು ಹಾಕಿ, ಅದರ ಕಾವಿನಲ್ಲಿ ಹಗ್ಗಕ್ಕೆ ನೇತು ಹಾಕುತ್ತಿದ್ದ.

ಇಷ್ಟಾದರೂ ಮುಗಿಯುತ್ತಿರಲಿಲ್ಲ. ಮೈಗೆ ತಾಗುವ ಯಾವ ಸಾಮಾನನ್ನೂ ಮೊದಲು ನಾವು ಹಾಕಿಕೊಳ್ಳಬೇಕು ಎಂಬುದು ಅವನ ಪದ್ಧತಿ. ಬಿಳೀ ಬನಿಯನ್ನಿನ ಹೆಗಲ ಭಾಗಕ್ಕೆ ನೀರು ಹಚ್ಚಿ, ಚೀಲದ ಪಟ್ಟಿಯನ್ನು ಅಡ್ಡಲಾಗಿ ಏರಿಸಿ, ಮೀನು ಪೇಟೆಯ ತನಕ ಹೋಗಿ ಬರುತ್ತಿದ್ದ. ಚಹಾದಂಗಡಿಯಲ್ಲಿ ಕುಳಿತವರಿಗೆ ಅದೊಂದು ತಮಾಷೆ. "ಕಂಡಕ್ಟ್ರೇ, ಎರ್ಡ್ ಹಿಲ್ಲೂರ್ ಟಿಕೆಟ್ ಕೊಡ್ರಾ" ಎಂದು ಕೂಗುತ್ತಿದ್ದರು. "ಚಿಲ್ರೆ ಇದ್ರೆ ಹತ್ತು, ಇಲ್ದಿದ್ರೆ ನಡ್ಕಂಡ್ ಹೋಗು" ಎಂದು ಮಾಮ ಅಲ್ಲಿಂದಲೇ ಉತ್ತರ ಕೊಡುತ್ತಿದ್ದ. ವಾಪಸು ಬಂದು ಬನಿಯನ್ ಬಿಚ್ಚಿ ನನ್ನ ಮುಖಕ್ಕೆ ಹಿಡಿದು, "ಕಲೆ ಉಂಟಾ ನೋಡು" ಎನ್ನುತ್ತಿದ್ದ. ಇಲ್ಲ ಎಂದ ಮೇಲೇ ಸಾಮಾನು ಗಿರಾಕಿಗೆ.

ಕಳೆದ ಮಳೆಗಾಲದಲ್ಲಿ ಕಾರವಾರದ ಒಂದು ಹೆಣ್ಣುಮಕ್ಕಳ ಶಾಲೆಯ ಪಿ.ಟಿ. ಟೀಚರ್ ನಮ್ಮಲ್ಲಿಗೆ ಬಂದರು. ಅವರ ಶಾಲೆಯ ಬ್ಯಾಂಡ್ ತಂಡಕ್ಕೆ ಮೊದಲ ಸಲ ಆಗಸ್ಟ್ ಹದಿನೈದರ ಪರೇಡಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವ ಅವಕಾಶ ಸಿಕ್ಕಿತ್ತು. ಹನ್ನೆರಡು ಹುಡುಗಿಯರು, ಹೊಸ ಬಿಳೀ ಅಂಗಿ, ಅದರ ಮೇಲೆ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಕಪ್ಪು ಬೆಲ್ಟು. "ಮುಖ ಕಾಣ್ಬೇಕು, ಅಷ್ಟು ಹೊಳೀಬೇಕು" ಎಂದರು. ಮಾಮನನ್ನು ಅವರು ಅಜ್ಜ ಎಂದೇ ಕರೆದರು. ಮಾಮ ಶಾಲೆಗೇ ಹೋಗಿ ಒಬ್ಬೊಬ್ಬ ಹುಡುಗಿಯ ಅಳತೆಯನ್ನೂ ದಾರದಲ್ಲಿ ಗಂಟು ಹಾಕಿಕೊಂಡು ಬಂದ.

ಕತ್ತರಿಸಿ ಹೊಲಿದೆ. ಬಣ್ಣವೂ ಆಯಿತು. ಅಷ್ಟರಲ್ಲಿ ಹಿಲ್ಲೂರಿನಲ್ಲಿರುವ ಅವನ ಮಗಳ ಮನೆಯಲ್ಲಿ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಹೊರಡುವಾಗ ಮಾಮ ಬಾಗಿಲಲ್ಲಿ ನಿಂತು, "ಹಿಂದ್ಗಡೆ ಮರೀಬೇಡ ತಮಾ. ಅಂಗಿಗೆ ತಾಗೂದು ಅದೇಯ. ತಿಕ್ಕಿ ಇಡು ಸಾಕು, ಹೊಳಪು ನಾ ಬಂದ್ ಮಾಡ್ತೆ. ನಾಕ್ ದಿವ್ಸ ಸಾಕು ನಂಗೆ" ಎಂದ.

ಅವನು ಬರುವವರೆಗೆ ಕಾಯಬಹುದಿತ್ತು. ದಿನ ಇತ್ತು. ನಾನು ಕಾಯಲಿಲ್ಲ, ಅದಕ್ಕೆ ಕಾರಣ ಅವಸರವೂ ಅಲ್ಲ. ಬೋರ್ಡಿನ ಗ್ಯಾರಂಟಿ ನನ್ನದು, ಹೊಳಪು ಅವನದು ಎಂಬುದು ನನ್ನನ್ನು ಒಳಗೊಳಗೇ ಕುಟುಕುತ್ತಿತ್ತು. ಕಣ್ಣಿಲ್ಲದ ಮುದುಕ ಮಾಡುವುದನ್ನು ಕಣ್ಣಿರುವ ನಾನು ಮಾಡಲಾರೆನೇ ಎನ್ನಿಸಿತು. ಬಟ್ಟೆಯಿಂದ ಎರಡು ಸಲ ತಿಕ್ಕಿದೆ, ಅದು ಕಪ್ಪಾಗಿಯೇ ಬಂತು, ಸಾಕು ಎಂದು ಬಿಟ್ಟೆ. ಬ್ರಶ್ಶಿನಲ್ಲಿ ಹೊಳಪನ್ನು ಒಂದೇ ಸಲಕ್ಕೆ ದಪ್ಪಗೆ ಬಳಿದೆ. ಹಿಂಬದಿಗೆ ಏನೂ ಹಚ್ಚಲಿಲ್ಲ. ಯಾರು ತಿರುಗಿಸಿ ನೋಡುತ್ತಾರೆ? ಹಾಕಿಕೊಂಡು ಪೇಟೆ ತಿರುಗುವುದಂತೂ ನನ್ನಿಂದ ಆಗುವ ಮಾತಲ್ಲ, ಕಂಡಕ್ಟರ್ ಎಂದು ಕರೆಸಿಕೊಳ್ಳುವ ವಯಸ್ಸೇ ನನ್ನದು? ಎಂಟನೇ ತಾರೀಖಿಗೇ ಬೈಕಿಗೆ ಕಟ್ಟಿಕೊಂಡು ಹೋಗಿ ಕೊಟ್ಟು ಬಂದೆ. ನಿಜಕ್ಕೂ ಮುಖ ಕಾಣುತ್ತಿತ್ತು. ಟೀಚರ್ ಒಂದನ್ನು ಎತ್ತಿ ಹಿಡಿದು ನಕ್ಕರು, ನಾನೂ ಉಬ್ಬಿದೆ.

ಪರೇಡ್ ನೋಡಲು ಹೋದೆ, ಹೋಗದೆ ಇರಲು ಆಗಲಿಲ್ಲ. ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಧ್ವಜ ಏರುವುದಕ್ಕೆ ಮುಂಚೆ ಒಂದು ಮಳೆ ಬಂತು, ಕಾರವಾರದಲ್ಲಿ ಆ ದಿನ ಬಾರದೆ ಇರುವ ವರ್ಷ ಯಾವುದು! ಅವರು ಅಲುಗಾಡದೆ ನೆನೆದರು. ಮಳೆ ನಿಂತು ಡ್ರಮ್ ಬಡಿಯಿತು, ಸಾಲು ಹೊರಟಿತು. ಬೆಲ್ಟುಗಳ ಮೇಲೆ ನೀರು ಮುತ್ತಿನಂತೆ ನಿಂತು ಹೊಳೆಯುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಅಯ್ಯೋ, ಅಂಗಿ ನೋಡಿ" ಎಂದಳು.

ಬೆಲ್ಟಿನ ಎರಡೂ ಅಂಚಿನಿಂದ ಕಪ್ಪು ಬಣ್ಣ ಇಳಿಯುತ್ತಿತ್ತು. ಹೆಗಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ, ಬಿಳಿಯ ಸ್ಕರ್ಟಿನ ಮೇಲೆಲ್ಲ. ಹನ್ನೆರಡೂ ಮಕ್ಕಳಿಗೆ. ಎಲ್ಲೋ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಹಲವರು ನಕ್ಕರು. ಹುಡುಗಿಯರಿಗೆ ಏನೋ ಆಗಿದೆ ಎಂದು ತಿಳಿಯಿತು, ಆದರೆ ತಲೆ ಬಗ್ಗಿಸಿ ನೋಡುವಂತಿಲ್ಲ. ಎದುರಿಗೇ ನೋಡುತ್ತ, ತಾಳ ತಪ್ಪದೆ, ಇಡೀ ಮೈದಾನ ಸುತ್ತಿ ಬಂದರು. ಸಾಲು ಮುರಿದ ಮೇಲೆಯೇ ಅವರು ತಮ್ಮನ್ನು ತಾವು ನೋಡಿಕೊಂಡದ್ದು. ಮುಂದೆ ನಡೆದವಳು ಡ್ರಮ್ಮನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಟೀಚರ್ ನೇರ ನನ್ನ ಹತ್ತಿರ ಬಂದರು. "ಎಂತಾ ಮಾಡಿ ಕೊಟ್ರಿ ನೀವು? ಒಂದ್ ತಿಂಗ್ಳು ಪ್ರಾಕ್ಟೀಸ್ ಮಾಡಿದ್ದಾವೆ ಮಕ್ಳು."

ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಯೋಚಿಸಿ ಹೇಳಿದ್ದಲ್ಲ, ಆದರೆ ತಡವರಿಸಲೂ ಇಲ್ಲ. "ಪಾಲಿಶ್ ಮಾಡೂದು ಮಾಮ ಟೀಚರ್. ಅವ್ರಿಗೆ ಈಗ ಕಣ್ ಕಾಣೂದಿಲ್ಲ. ಎಂತಾ ಹೇಳೂದು" ಎಂದೆ.

ಅವರ ಸಿಟ್ಟು ಅಲ್ಲೇ ಇಳಿಯಿತು. ಮುಖ ಮೆತ್ತಗಾಯಿತು. "ಛೇ, ಅಜ್ಜ" ಎಂದರು. ಹೆದ್ದಾರಿಯಲ್ಲಿ ಮಳೆಗೆ ನೆನೆಯುತ್ತ ಅಂಕೋಲೆಗೆ ಬರುವಾಗ ನನಗೆ ಹಗುರವಾಗಿತ್ತು. ಬಚಾವಾದೆ ಎನ್ನಿಸಿತ್ತು. ಸುಳ್ಳು ಹೇಳಿದ್ದಕ್ಕಿಂತ, ಹಾಗೆ ಹಗುರವಾದದ್ದಕ್ಕೆ ನನಗೆ ಹೆಚ್ಚು ನಾಚಿಕೆ.

ಎರಡು ದಿನ ಕಳೆದು ಟೀಚರ್ ಬೆಲ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಅಂಗಡಿಗೇ ಬಂದರು. ಮಾಮ ಹಿಲ್ಲೂರಿನಿಂದ ಬಂದಿದ್ದ. ಬೆಲ್ಟು ಕೊಟ್ಟು ಬಂದೆ ಎಂದಷ್ಟೇ ಅವನಿಗೆ ಹೇಳಿದ್ದೆ, ಪರೇಡಿನ ಸುದ್ದಿ ಹೇಳಿರಲಿಲ್ಲ. ಅವರು ಅವನ ಹತ್ತಿರ ಕುಳಿತು, ಬೈಯಲೂ ಇಲ್ಲ. "ಅಜ್ಜ, ಬೇಜಾರ್ ಮಾಡ್ಕಬೇಡಿ. ಇನ್ ನೀವು ವಿಶ್ರಾಂತಿ ತಕಣಿ. ಬಣ್ಣದ ಕೆಲ್ಸ ಎಲ್ಲ ನಿಮ್ಗೆ ಇನ್ ಆಗೂದಲ್ಲ" ಎಂದರು.

ಮಾಮನಿಗೆ ಮೊದಲು ಅರ್ಥವಾಗಲಿಲ್ಲ. ಚೀಲದಿಂದ ಒಂದು ಬೆಲ್ಟು ತೆಗೆದು ಹೆಬ್ಬೆರಳು ಆಡಿಸಿದ. ತಿರುಗಿಸಿ ಹಿಂಬದಿ ಮುಟ್ಟಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ಮುಖವನ್ನು ನಾನು ಕುಳಿತ ಕಡೆಗೆ ತಿರುಗಿಸಿದ, ಎಷ್ಟು ಕಂಡಿತೋ ಗೊತ್ತಿಲ್ಲ. ನನಗೆ ಬಾಯಿ ತೆರೆಯಲು ಸಾಕಷ್ಟು ಸಮಯವಿತ್ತು. ನಾನು ಕತ್ತರಿಯ ತುದಿಯನ್ನು ಒರೆಸುತ್ತ ಕುಳಿತೆ.

"ಹೌದು ಟೀಚರ್. ತಪ್ಪಾತು ನಂದು" ಎಂದ ಮಾಮ. "ಬೆಲ್ಟ್ ಇಟ್ ಹೋಗಿ, ಸರಿ ಮಾಡ್ಸಿ ಕೊಡ್ತೆ."

ಅವರು ಹೋದ ಮೇಲೆ ಬಯ್ಯುತ್ತಾನೆ ಎಂದು ಕಾದೆ. ಬೈದ, ಚೆನ್ನಾಗಿಯೇ ಬೈದ. "ತಿಕ್ಕೂಕೆ ಕೈಗೆ ಎಂತಾ ಆಗಿತ್ತಾ ನಿಂಗೆ? ಗೋಡೆಗೆ ಸುಣ್ಣ ಬಳ್ದಂಗೆ ಬಳ್ದಿದ್ಯಲ್ಲ, ಕತ್ತೆ. ಬಗ್ಗಿಸಿದ್ರೆ ಒಡೀತದೆ ನೋಡಿಲ್ಲಿ" ಎಂದು ದಿನವಿಡೀ ಗೊಣಗಿದ. ಬೈದದ್ದೆಲ್ಲ ಕೆಲಸಕ್ಕೆ. ಸುಳ್ಳಿನ ಬಗ್ಗೆ ಒಂದು ಮಾತೂ ಇಲ್ಲ. ಅದನ್ನೂ ಸೇರಿಸಿ ಬೈದಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆನೋ ಏನೋ. ಅವನು ಆ ದಾರಿ ತೆಗೆಯಲಿಲ್ಲ, ನಾನೂ ಹುಡುಕಲಿಲ್ಲ.

ಥಿನ್ನರಿನಲ್ಲಿ ಬಟ್ಟೆ ಅದ್ದಿ ನನ್ನ ಹೊಳಪನ್ನೆಲ್ಲ ಕಿತ್ತು ತೆಗೆದ. ಚರ್ಮ ಬೋಳಾಗಿ ಹೊರಬಂತು. ಮತ್ತೆ ತಿಕ್ಕಿದ. ಒಂದೊಂದು ಬೆಲ್ಟಿಗೂ ಎಂಟು ಹತ್ತು ತುಂಡು ಬಟ್ಟೆ. ಎಣ್ಣೆಯ ಕೈ ಆಡಿಸಿ, ಮೂರು ತೆಳು ಹೊಳಪು ಮುಂದೆ, ಎರಡು ಹಿಂದೆ. ಬಲ್ಬಿನ ಕೆಳಗೆ ಹನ್ನೆರಡು ಬೆಲ್ಟುಗಳು ತೂಗಿದವು. ಒಂದೊಂದನ್ನೂ ಹೆಗಲಿಗೇರಿಸಿ ಹನ್ನೆರಡು ಸಲ ಪೇಟೆ ಸುತ್ತಿದ. ಕೊನೆಯಲ್ಲಿ ಬನಿಯನ್ನನ್ನು ನನ್ನ ಮುಖಕ್ಕೆ ಹಿಡಿಯಲಿಲ್ಲ, ತಾನೇ ಬೆಳಕಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು ನೋಡಿದ.

ಜನವರಿಯ ಪರೇಡಿನಲ್ಲಿ ಹುಡುಗಿಯರು ಅವೇ ಬೆಲ್ಟು ಹಾಕಿ ನಡೆದರು. ಅಂಗಿಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಅದರ ಮರುವಾರ ಟೀಚರ್ ಸಿಹಿ ಹಿಡಿದುಕೊಂಡು ಅಂಗಡಿಗೆ ಬಂದರು. ಮಾಮ ಹಿಂದಿನ ಕೋಣೆಯಲ್ಲಿ ಒಂದು ಚೀಲಕ್ಕೆ ಹೊಳಪು ಸವರುತ್ತಿದ್ದ. ನಡುವೆ ಒಂದು ಪರದೆ ಮಾತ್ರ.

"ಈ ಸಲ ನಿಮ್ದೇ ಕೈ ಅಲ್ದಾ? ನೋಡಿದ್ರೇ ತಿಳೀತದೆ" ಎಂದರು.

"ಹೌದು ಟೀಚರ್" ಎಂದೆ.

ಕೆಳಗಿನ ತರಗತಿಯ ಮಕ್ಕಳದೂ ಒಂದು ತಂಡ ಮಾಡುತ್ತಾರಂತೆ, ಇನ್ನಷ್ಟು ಬೆಲ್ಟು ಬೇಕಂತೆ. ಆರ್ಡರ್ ಬರೆಸಿ ಎದ್ದವರು ದನಿ ತಗ್ಗಿಸಿದರು. "ಆದ್ರೆ ಅಜ್ಜನ ಕೈಗೆ ಮಾತ್ರ ಕೊಡ್ಬೇಡಿ. ಮಕ್ಳು ಹೆದ್ರಿದ್ದಾವೆ."

"ಇಲ್ಲ, ಕೊಡೂದಿಲ್ಲ" ಎಂದೆ.

ಪರದೆಯ ಹಿಂದೆ ನಲ್ಲಿ ಬಿಟ್ಟ ಸದ್ದಾಯಿತು. ಮಾಮ ಸ್ಪಂಜನ್ನು ತೊಳೆದು ಹಿಂಡಿ ಮೊಳೆಗೆ ನೇತು ಹಾಕಿ, ಕೈ ಒರೆಸಿಕೊಂಡು ಹೊರಬಂದ. "ಮಧ್ಯಾಹ್ನದ ಬಸ್ಸಿಗೇ ಹೋಗ್ತೆ ತಮಾ" ಎಂದ.

ಮಾರನೇ ದಿನವೂ ಅವನು ಮೊದಲ ಬಸ್ಸಿಗೆ ಬಂದ. ನಾನು ಬಾಗಿಲು ತೆಗೆದಾಗ ಒಳಗೆ ಬರಲಿಲ್ಲ, ಹೊರಗೆ ಗಿರಾಕಿಗಳಿಗೆಂದು ಹಾಕಿದ ಬೆಂಚಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಉಂಗುಷ್ಟ ಕಿತ್ತುಹೋದ ಚಪ್ಪಲಿ ಹಿಡಿದುಕೊಂಡು ಒಬ್ಬರು ಬಂದರು. ಮಾಮ ಬದಿಗೆ ಸರಿದು ಅವರಿಗೆ ಜಾಗ ಕೊಟ್ಟ.

ಈಗಲೂ ಅವನು ಅಲ್ಲೇ ಕೂರುತ್ತಾನೆ. ಒಳಗೆ ಬಾ ಎಂದು ನಾನು ಕರೆದಿಲ್ಲ. ಕರೆದರೆ ಟೀಚರಿಗೆ ಫೋನ್ ಮಾಡಿ ನಿಜ ಹೇಳಬೇಕಾಗುತ್ತದೆ.