ಚಿಮಟದಲ್ಲಿ ಕಿತ್ತ ಒಂದು ಪದ

ಅಂಜಿನಯ್ಯನ ಕೈಕೆಲಸದ ಬಗ್ಗೆ ರಾಜಾಜಿನಗರದಲ್ಲಿ ಎರಡು ಮಾತಿರಲಿಲ್ಲ. ಲಗ್ನಪತ್ರಿಕೆಯಿರಲಿ, ವೈಕುಂಠ ಸಮಾರಾಧನೆಯ ಕಾರ್ಡಿರಲಿ, ಅವನು ಸೀಸದ ಅಚ್ಚುಮೊಳೆ ಜೋಡಿಸಿದ್ದೆಂದರೆ ಸಾಲುಗಳು ಅಂಚಿಗೆ ಅಂಚು ಕೂತಿರುತ್ತಿದ್ದವು. ಕೊನೆಗೆ ಒಂದೇ ಒಂದು ಪದ ಕೆಳಗಿನ ಸಾಲಿಗೆ ಜಾರಿತೋ, ಮಹರಾಯನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಮೇಲೆ ಎಲ್ಲಾದರೂ ಒಂದು ಪದ ಕಿತ್ತಾದರೂ ಸರಿ, ಆ ಒಂಟಿಯನ್ನು ಮೇಲಕ್ಕೆ ಎಳೆದುಕೊಳ್ಳಲೇಬೇಕು. ಈ ಹಾಳು ಅಚ್ಚುಕಟ್ಟೇ ಕೊನೆಗೆ ಅವನ ಮನಸ್ಸಿನ ನೆಮ್ಮದಿ ತಿಂದುಹಾಕಿದ್ದು.

ಎರಡನೇ ಬ್ಲಾಕಿನಲ್ಲಿ ದಾವಣಗೆರೆ ಕಡೆಯ ಗಂಗಾಧರಯ್ಯನವರ ಪ್ರೆಸ್ಸು. ಕೆಲಸಕ್ಕಿದ್ದವರು ಮೂರೇ ಜನ. ಮೊಳೆ ಜೋಡಿಸಲು ಅಂಜಿನಯ್ಯ, ಮಿಷನ್ ಓಡಿಸಲು ಚಕ್ರಪಾಣಿ, ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಯಾವ ಅಕ್ಷರ ಯಾವ ಗೂಡಿನದೋ ಆ ಗೂಡಿಗೆ ಹಾಕಲು ನರಸಮ್ಮ. ಗಂಡ ತೀರಿಕೊಂಡ ಮೇಲೆ ನರಸಮ್ಮ ಮಲ್ಲತ್ತಹಳ್ಳಿಯಿಂದ ದಿನಾ ಬರುತ್ತಿದ್ದಳು. ವಿಜಯನಗರದವರೆಗೆ ನಡಿಗೆ, ಅಲ್ಲಿಂದ ಬಸ್ಸು. ಓದಿದ್ದು ಮೂರನೇ ಕ್ಲಾಸು. ಪುಸ್ತಕ ಕೊಟ್ಟರೆ ತಡವರಿಸುವ ಹೆಂಗಸು, ಸೀಸದ ಮೇಲೆ ತಿರುಗುಮುರುಗಾಗಿ ಕೂತ ಅಕ್ಷರಗಳನ್ನು ಮಾತ್ರ ಸರಾಗವಾಗಿ ಓದುತ್ತಿದ್ದಳು. ಕಲಿಸಿದವನು ಅಂಜಿನಯ್ಯನೇ.

ಎಂಬತ್ತಮೂರರಲ್ಲಿ ಪ್ರೆಸ್ಸಿನ ದೊಡ್ಡ ಗಿರಾಕಿಯೊಬ್ಬರು ಹೊಸದಾಗಿ ಬಂದ ಆಫ್‌ಸೆಟ್ ಅಚ್ಚಿನ ಬೆಡಗಿಗೆ ಮರುಳಾಗಿ ಬೇರೆ ಕಡೆ ಹೋದರು. ಒಂದು ತಿಂಗಳು ನೋಡಿದರು, ಎರಡು ತಿಂಗಳು ನೋಡಿದರು, ಆಮೇಲೆ ಗಂಗಾಧರಯ್ಯನವರು ಅಂಜಿನಯ್ಯನನ್ನು ಒಳಗೆ ಕರೆದರು.

"ಮೂರು ಜನಾನ್ನ ಇಟ್ಕೊಳ್ಳೋದು ಕಷ್ಟ ಐತಪ್ಪ. ಆ ಹೆಣ್ಮಗಳನ್ನ ಬಿಡಿಸ್ಬೇಕಾಗ್ತದೆ."

"ಬೇಡಿ ಸಾರ್, ಅವಳು ಎಲ್ಲಿಗೆ ಹೋಗ್ತಾಳೆ?" ಅಂದ ಅಂಜಿನಯ್ಯ. "ಮೂರೂ ಜನ ಅರ್ಧ ದಿನ ಬರ್ತೀವಿ, ಅರ್ಧ ಸಂಬಳ ಕೊಡಿ. ಸದ್ಯಕ್ಕೆ ಹಂಗೇ ನಡೀಲಿ. ಕೆಲಸ ಬಂದ್ಮೇಲೆ ಮೊದಲಿನಂಗೆ ಮಾಡಿದ್ರಾಯ್ತು."

ಯಾರೂ ಕೇಳಿರಲಿಲ್ಲ, ಇವನೇ ಬಾಯಿಬಿಟ್ಟು ಕೊಟ್ಟಿದ್ದು. ಗಂಗಾಧರಯ್ಯನವರ ಕಣ್ಣಲ್ಲಿ ನೀರಾಡಿತು, ಸುಳ್ಳು ಹೇಳಬಾರದು. "ಒಂದು ಕಾಗದ ಕೊಟ್ಬಿಡ್ರಿ, ಲೇಬರ್ ಇನ್ಸ್‌ಪೆಕ್ಟರ್ ಬಂದ್ರೆ ತೋರ್ಸೋಕೆ ಬೇಕಾಗ್ತದೆ" ಅಂದರು.

ಬೇರೆ ಯಾರಾದರೂ ಆಗಿದ್ದರೆ ಒಂದು ಹಾಳೆ ತಗೊಂಡು ಪೆನ್ನಿನಲ್ಲಿ ಗೀಚಿ ಕೊಡುತ್ತಿದ್ದರು. ನಮ್ಮ ಅಂಜಿನಯ್ಯ ಕೇಳಬೇಕಲ್ಲ! ಪ್ರೆಸ್ಸಿನವರ ಕಾಗದ ಅಚ್ಚಿನಲ್ಲೇ ಇರಬೇಕು ಅಂತ ಮೊಳೆ ಜೋಡಿಸಲು ನಿಂತ. "ಪ್ರೆಸ್ಸಿನ ಕಷ್ಟವನ್ನು ಅರಿತು ನಾವು ಸ್ವಂತ ಇಚ್ಛೆಯಿಂದ ಸದ್ಯಕ್ಕೆ ದಿನಕ್ಕೆ ನಾಲ್ಕು ಗಂಟೆ ಮಾತ್ರ ಕೆಲಸ ಮಾಡಲು ಒಪ್ಪಿರುತ್ತೇವೆ." ಮೂರು ಸಾಲು ಲಕ್ಷಣವಾಗಿ ಕೂತವು. ಹಾಳಾದ್ದು, ಆ "ಒಪ್ಪಿರುತ್ತೇವೆ" ಒಂದೇ ನಾಲ್ಕನೆಯ ಸಾಲಿಗೆ ಬಿತ್ತು. ಅದನ್ನು ಹಾಗೇ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಏನು ತೆಗೆಯಲಿ? "ಸ್ವಂತ ಇಚ್ಛೆಯಿಂದ" ಅನ್ನುವುದು ಮರ್ಯಾದೆಯ ಮಾತು, ಅದಿರಲಿ. "ಸದ್ಯಕ್ಕೆ" ಅನ್ನುವುದು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬರೆಯಬೇಕೇ? ಚಿಮಟದಲ್ಲಿ ಆ ಮೊಳೆಗಳನ್ನು ಕಿತ್ತು ಮೇಜಿನ ಮೂಲೆಗಿಟ್ಟ. ಒಂಟಿ ಪದ ಮೇಲಕ್ಕೆ ಬಂದು ಕೂತಿತು. ಕಾಗದ ಲಗ್ನಪತ್ರಿಕೆಯ ಹಾಗೆ ಚೆಂದವಾಯಿತು. ಮೂವರೂ ಸೈನ್ ಹಾಕಿದರು. ನರಸಮ್ಮ ಕಾಗದವನ್ನು ಸ್ವಲ್ಪ ಹೊತ್ತು ಹಿಡಿದು ನೋಡಿ, ಕೊನೆಗೆ ಹಾಕಿದಳು.

ಚಕ್ರಪಾಣಿ ಜಾಣ. ಎರಡು ತಿಂಗಳಲ್ಲಿ ಬೇರೆ ಪ್ರೆಸ್ಸು ನೋಡಿಕೊಂಡು ಹೋದ, ಅವನ ಜಾಗಕ್ಕೆ ಯಜಮಾನರೇ ಮಿಷನ್ ಹತ್ತಿರ ನಿಂತರು. ಉಳಿದ ಇಬ್ಬರು ಮಧ್ಯಾಹ್ನವೇ ಮನೆಗೆ ಹೊರಡುವರು. ನರಸಮ್ಮ ನಾಲ್ಕು ಗಂಟೆಯ ಕೆಲಸಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ ದಾರಿ ಸವೆಸುತ್ತಿದ್ದಳು. ಮನೆಗೆ ಹೋಗಿ ಊದುಬತ್ತಿ ಹೊಸೆಯುತ್ತಿದ್ದಳು. ಒಂದು ದಿನವೂ ಗೊಣಗಲಿಲ್ಲ.

ಎಂಬತ್ತೈದರಲ್ಲಿ ಕೆಲಸ ತಿರುಗಿ ಬಂತು. ಎಲೆಕ್ಷನ್ ಕರಪತ್ರ ಮುಗಿಯುವುದರೊಳಗೆ ಮದುವೆ ಸೀಸನ್ನು. "ಇದೊಂದು ಮುಗಿಸಿ ಹೋಗು" ಅಂತ ನಾಲ್ಕು ಗಂಟೆ ಆರಾಯಿತು, ಸಂಬಳ ಮಾತ್ರ ನಾಲ್ಕು ಗಂಟೆಯದೇ.

"ಅಣ್ಣಾ, ಯಜಮಾನ್ರನ್ನ ಯಾವಾಗ ಕೇಳ್ತೀರಾ?" ಅಂದಳು ನರಸಮ್ಮ.

"ಕೇಳ್ತೀನಿ ಕಣಮ್ಮ, ಯುಗಾದಿ ಕಳೀಲಿ."

ಯುಗಾದಿ ಕಳೆಯಿತು, ಶ್ರೀರಾಮನವಮಿಯ ಪಾನಕವೂ ಆಯಿತು. ತಾನಾಗಿ ಕೊಟ್ಟಿದ್ದನ್ನು ವಾಪಸ್ಸು ಕೇಳುವುದು ಹೇಗೆ ಅಂತ ಅವನಿಗೆ ಸಂಕೋಚ. ಏನು ಸಂಕೋಚವೋ, ಮಣ್ಣು! ಕೊನೆಗೊಂದು ದಿನ ಗಟ್ಟಿ ಮನಸ್ಸು ಮಾಡಿ ಒಳಗೆ ಹೋಗಿ ಕೇಳಿದ. ಗಂಗಾಧರಯ್ಯನವರು ಡ್ರಾಯರ್ ಎಳೆದು ಅದೇ ಕಾಗದ ತೆಗೆದರು.

"ಓದು."

"ಸಾರ್, ಸದ್ಯಕ್ಕೆ ಅಂತ ಮಾತಾಗಿತ್ತಲ್ಲ..."

"ಇದರಾಗೆ ಎಲ್ಲೈತಿ ತೋರ್ಸು. ಜೋಡಿಸಿದವ ನೀನೇ ಅಲ್ಲೇನು?"

ಸಾಲು ಚೆಂದ ಕೂರಲಿ ಅಂತ ನಾನೇ ಕಿತ್ತೆ ಸಾರ್ ಅಂತ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ. ಹೇಳಲಿಲ್ಲ. ಅಷ್ಟು ನಾಚಿಕೆಯಾಗಿತ್ತು. ಅವನು ತಲೆ ತಗ್ಗಿಸಿದ್ದು ನೋಡಿ ಯಜಮಾನರೇ ಕರಗಿದರು.

"ಹೋಗ್ಲಿ, ನೀನು ಹಳಬ. ಸದ್ಯಕ್ಕೆ ನೀನೊಬ್ಬ ಪೂರ್ತಿ ದಿನ ಬಾ. ಆಕೀದು ಆಮೇಲೆ ನೋಡೋಣ."

ಅಂಜಿನಯ್ಯ ತಲೆಯಾಡಿಸಿದ. ಯಾರ ಕೆಲಸ ಉಳಿಸಲು ಇಷ್ಟೆಲ್ಲ ಮಾಡಿದನೋ ಅವಳು ಹೊರಗೆ ಮೊಳೆ ಬಿಡಿಸುತ್ತ ಕೂತಿದ್ದಾಳೆ, ಇವನು ಒಳಗೆ ತಲೆಯಾಡಿಸಿದ. ನನ್ನದಾದ ಮೇಲೆ ಅವಳದೂ ಆಗುತ್ತೆ ಅಂತ ತನಗೆ ತಾನೇ ಹೇಳಿಕೊಂಡ. ಆಗಲಿಲ್ಲ. ಇವನೂ ಮತ್ತೆ ಬಾಯಿಬಿಡಲಿಲ್ಲ. ಆಷಾಢದಲ್ಲಿ ನರಸಮ್ಮ ಪ್ರೆಸ್ಸು ಬಿಟ್ಟು ನಾಯಂಡಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಇಡೀ ದಿನ ನಿಂತೇ ಮಾಡುವ ಕೆಲಸ. ಅಲ್ಲಿ ಓದಲು ಒಂದಕ್ಷರವೂ ಇರಲಿಲ್ಲ.

ಒಂದೂವರೆ ವರ್ಷ ಅಂಜಿನಯ್ಯ ಒಳಗೊಳಗೇ ಬೆಂದ. ಅವರೆಕಾಯಿ ಕಾಲದ ಒಂದು ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ಮಲ್ಲತ್ತಹಳ್ಳಿಗೆ ಹೋದ. ನರಸಮ್ಮ ಜಗುಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು, ಕಾಲು ಊದಿತ್ತು. "ಬನ್ನಿ ಅಣ್ಣಾ" ಅಂತ ಚಾಪೆ ಹಾಸಿದಳು. ಅವನು ಕೂತವನೇ, ಪದ ಕಿತ್ತಿದ್ದನ್ನೂ ತಲೆಯಾಡಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಪದ ಕಿತ್ತಿದ್ದು ನಂಗೊತ್ತಿತ್ತು ಬಿಡಿ" ಅಂದಳು ನರಸಮ್ಮ.

"ಹೆಂಗೆ?"

"ಅವತ್ತು ಮೇಜಿನ ಮೂಲೇಲಿ ಬಿದ್ದಿದ್ದ ಮೊಳೆಗಳನ್ನ ಗೂಡಿಗೆ ಹಾಕಿದ್ದು ನಾನೇ ಅಲ್ವಾ? ಸದ್ಯಕ್ಕೆ ಅಂತ ಓದಿದೆ. ಸೈನ್ ಹಾಕೋವಾಗ ಕಾಗದದಲ್ಲಿ ಹುಡುಕಿದೆ, ಸಿಗ್ಲಿಲ್ಲ."

"ಮತ್ಯಾಕಮ್ಮ ಸೈನ್ ಹಾಕ್ದೆ? ಕೇಳ್ಬಾರ್ದಾಗಿತ್ತಾ?"

ನರಸಮ್ಮ ಕೈಯಲ್ಲಿದ್ದ ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.

"ಅಕ್ಷರ ಕಲಿಸ್ದೋರು ನೀವು. ನೀವೇ ಕಿತ್ತಿದ್ದೀರಾ ಅಂದ್ರೆ, ಏನೋ ತಪ್ಪಕ್ಷರ ಇರ್ಬೇಕು ಅಂದ್ಕೊಂಡೆ."