ಆಲೆಮನೆಯಲ್ಲಿ ನನ್ನ ಕಾಲು

ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಎರಡು ವರ್ಷ ಚಾಪೆ ಹಿಡಿದಿದ್ದೆ. ಸೊಂಟದ ಕೆಳಗೆ ಚಿವುಟಿದರೂ ತಿಳಿಯುತ್ತಿರಲಿಲ್ಲ. ಯುದ್ಧದ ಕಾಲ, ಬೆಲ್ಲಕ್ಕೆ ಬೇಡಿಕೆ ಬಂತು. ಬೆಲ್ಲದ ಪಾಕದ ಹದ ನೋಡುವುದು ನನಗೆ ಮೊದಲಿನಿಂದಲೂ ಬರುತ್ತಿತ್ತು. ಹಲಗೂರಿನ ಹತ್ತಿರ ಆಲೆಮನೆ ನಡೆಸುತ್ತಿದ್ದ ಸಿದ್ದೇಗೌಡರಿಗೆ, "ಪಾಕ ನೋಡಕೆ ಕೈ ಸಾಕು ಗೌಡ್ರೆ, ಕಾಲ್ಯಾಕೆ?" ಅಂತ ಹೇಳಿ ಕಳಿಸಿದೆ.

ಗಾಡಿಯಲ್ಲಿ ಕರೆತಂದು ಕೊಪ್ಪರಿಗೆ ಪಕ್ಕ ಹಲಗೆಯ ಮೇಲೆ ಕೂರಿಸಿದರು. "ಒಂದು ಕೊಪ್ಪರಿಗೆ ಕೆಟ್ರೂ ಮತ್ತೆ ಮನೇಲೇ ಬಿದ್ದಿರು," ಅಂದರು ಗೌಡರು.

ಕಬ್ಬಿನ ಹಾಲು ಉಕ್ಕಿ, ಬಣ್ಣ ತಿರುಗಿತು. ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಿದ್ದೆ. ರೆಪ್ಪೆ ಬಡಿಯುವಷ್ಟರಲ್ಲಿ ಕೆಟ್ಟುಹೋಗುವ ಹೊತ್ತು. ಗಾಣ ರಿಪೇರಿಗೆ ಮದ್ದೂರಿನಿಂದ ಬಂದಿದ್ದ ಸಾಬರೊಬ್ಬರು, "ಏನೋ ಸೀಯ್ತಾ ಐತೆ," ಅಂದರು.

ಪಾಕವೇ ಸೀದಿತೇನೋ ಅಂದುಕೊಂಡೆ. ಮತ್ತೆ ಉರುಳಿಸಿದೆ. ಪಾಕ ಸರಿಯಾಗಿಯೇ ಇತ್ತು.

"ಪಾಕ ಅಲ್ಲಣ್ಣೋ, ನಿನ್ ಕಾಲು!" ಅಂತ ಸಾಬರು ಕೂಗಿದರು.

ಹಲಗೆಯಿಂದ ಜಾರಿದ ಪಾದ ಕೊಪ್ಪರಿಗೆಯ ಮೈಗೆ ಅಂಟಿಕೊಂಡಿತ್ತಂತೆ. ನಾನು ನೋಡಲಿಲ್ಲ. ಬೆರಳ ನಡುವಿನ ಉಂಡೆ ಆಗತಾನೇ ಗಟ್ಟಿಯಾಗುತ್ತಿತ್ತು. "ಕೊಪ್ಪರಿಗೆ ಇಳಿಸ್ರಲಾ!" ಅಂತ ಆಳುಗಳಿಗೆ ಕೂಗಿದ ಮೇಲೆಯೇ ತಿರುಗಿದೆ. ಅಷ್ಟರಲ್ಲಿ ಸಾಬರು ಕಾಲನ್ನು ಸೌದೆಯ ಹಾಗೆ ಈಚೆಗೆ ಎಳೆದು ಹಾಕಿದ್ದರು. ಚರ್ಮ ಅಲ್ಲೇ ಉಳಿದಿತ್ತು.

ಗೌಡರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು, ನನ್ನ ಪಾದ ನೋಡಿದರು. "ಬೆಲ್ಲ ಚೆನ್ನಾಗೈತೆ. ಗಾಯ ಮಾಯ್ಲಿ, ಬಾ," ಅಂದರು.

ಆಮೇಲೆ ದಿನಾ ಕೆಲಸಕ್ಕೆ ಮುಂಚೆ ಕಾಲೆರಡನ್ನೂ ಹಗ್ಗದಿಂದ ಹಲಗೆಗೆ ಕಟ್ಟಿಸಿಕೊಳ್ಳುತ್ತಿದ್ದೆ. ಎತ್ತು ಕಟ್ಟಿದ ಹಾಗೆ ಕಟ್ತಾರಲ್ಲ ಅಂತ ಹೆಂಡತಿ ಅಳುತ್ತಿದ್ದಳು. ಎತ್ತಾಗಿದ್ದರೆ ಬೆಂಕಿ ಕಂಡು ತಾನೇ ಹಿಂದಕ್ಕೆ ಸರಿಯುತ್ತಿತ್ತು.